ಎಂಬತ್ತಮೂರರ ಹೆಸರಿನಲ್ಲಿ ಅರ್ಚನೆ

ನಮ್ಮ ಸೋದರತ್ತೆಗೆ ಕೂರಲು ಬರುವುದಿಲ್ಲ. ಬೇರೆಲ್ಲ ಬರುತ್ತದೆ. ನೂರು ಜನಕ್ಕೆ ಅಡುಗೆ ಮಾಡಲು ಬರುತ್ತದೆ, ಹೊಲಿಗೆ ಯಂತ್ರ ಬಿಚ್ಚಿ ಮತ್ತೆ ಜೋಡಿಸಲು ಬರುತ್ತದೆ, ಭದ್ರಾವತಿಯಲ್ಲಿ ಇಷ್ಟು ವರ್ಷ ಇದ್ದುದರಿಂದ ಜಗಳಕ್ಕೆ ಬೇಕಾದಷ್ಟು ತಮಿಳು, ರಾಜಿಗೆ ಬೇಕಾದಷ್ಟು ತೆಲುಗು ಬರುತ್ತದೆ. ಕುರ್ಚಿಯ ಮೇಲೆ ಐದು ನಿಮಿಷ ಸುಮ್ಮನೆ ಕೂರುವ ವಿದ್ಯೆಯೊಂದು ಮಾತ್ರ ಹುಟ್ಟಿದಾಗಿನಿಂದ ಕೈಹತ್ತಲಿಲ್ಲ!

ನಂಬಿಕೆ ಬಾರದಿದ್ದರೆ ಅವಳ ಮದುವೆಯ ಫೋಟೋ ನೋಡಬೇಕು. ಮಾವ ಪೇಟ ಸುತ್ತಿಕೊಂಡು, ಕೈಗಳನ್ನು ಮಂಡಿಯ ಮೇಲಿಟ್ಟುಕೊಂಡು, ಮೀಸೆಯ ಒಂದೊಂದು ಕೂದಲೂ ಎಣಿಸುವಷ್ಟು ಸ್ಪಷ್ಟವಾಗಿ ಕೂತಿದ್ದಾರೆ. ಪಕ್ಕದ ಕುರ್ಚಿಯಲ್ಲಿ ಧಾರೆ ಸೀರೆಯ ಬಣ್ಣದ ಒಂದು ಮಸುಕು ಇದೆ. ಫೋಟೋದವನು ಅಲುಗಾಡಬೇಡಿ ಎಂದ ಆ ಗಳಿಗೆಯಲ್ಲೇ ಅವಳಿಗೆ ಕೊನೆಯ ಪಂಕ್ತಿಗೆ ಪಾಯಸ ಬಂತೋ ಇಲ್ಲವೋ ಎಂದು ನೋಡಬೇಕಾಗಿತ್ತಂತೆ. ಆ ಮಸುಕನ್ನೇ ನಮ್ಮತ್ತೆ ಎಂದು ಮನೆಮಂದಿಯೆಲ್ಲ ಒಪ್ಪಿಕೊಂಡಿದ್ದೇವೆ.

ನಮ್ಮ ಮನೆ ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ, ಅವಳದು ಭದ್ರಾವತಿಯ ಓಲ್ಡ್ ಟೌನಿನಲ್ಲಿ. ವಾರಕ್ಕೆ ಮೂರು ಸಲವಾದರೂ ಬಸ್ಸು ಹತ್ತಿ ಬರುತ್ತಿದ್ದಳು. ಬಸ್ಸೆಲ್ಲ ಖಾಲಿ ಇದ್ದರೂ ಬಾಗಿಲ ಹತ್ತಿರದ ಕಂಬಿ ಹಿಡಿದು ನಿಲ್ಲುವುದೇ. ನಿಂತವಳು ಸುಮ್ಮನಿರಬೇಕಲ್ಲ? ಹತ್ತಿದವರನ್ನು ಒಳಗೆ ತಳ್ಳುವುದು, ಇಳಿಯುವವರ ಗಂಟು ಇಳಿಸಿಕೊಡುವುದು, ರೈಟ್ ಹೇಳುವುದು. ಹೊಸ ಕಂಡಕ್ಟರುಗಳು ಇವಳನ್ನು ಚೆಕಿಂಗಿನವಳೆಂದು ತಿಳಿದು ನಮಸ್ಕಾರ ಹೊಡೆಯುತ್ತಿದ್ದರು. ಬಂದವಳು ಒಂದು ಲೋಟ ಕಾಫಿಯನ್ನು ಅಡುಗೆಮನೆ, ನಡುಮನೆ, ಹಿತ್ತಿಲು ಮೂರೂ ಕಡೆ ತಿರುಗಾಡಿ ಕುಡಿದು, ಮುಂದಿನ ಬಸ್ಸಿಗೆ ವಾಪಸ್.

ಇಂಥವಳಿಗೆ ಮಾವನಂಥ ಗಂಡ ಸಿಕ್ಕಿದ್ದು ಹೇಗೆ? ಅದು ಒಂದು ತೆಂಗಿನಕಾಯಿಯಿಂದ ಆದದ್ದು.

ನಮ್ಮ ಕಡೆ ಯುಗಾದಿಗೆ ಕಾಯಿ ಎಸೆಯುವ ಪಂದ್ಯ ಇರುತ್ತದೆ. ಈ ಊರಿನ ಗುಡಿಯಿಂದ ಆ ಊರಿನ ಬಾಗಿಲಿಗೆ ಇಷ್ಟು ಎಸೆತದಲ್ಲಿ ಮುಟ್ಟಿಸುತ್ತೇನೆ ಎಂದು ಪಂಥ ಕಟ್ಟುವುದು. ಸಿಪ್ಪೆ ತೆಗೆಯದ ಒಣಕಾಯಿ. ಬಿದ್ದಲ್ಲಿಂದ ಮತ್ತೆ ಎತ್ತಿ ಎಸೆಯಬೇಕು. ಮಾವ ಆ ಸೀಮೆಗೇ ಹೆಸರಾದ ಎಸೆತಗಾರರು. ಮಾತಿಗೆ ಎಷ್ಟು ಬಡವರೋ ತೋಳಿಗೆ ಅಷ್ಟು ಸಾಹುಕಾರರು. ಒಂದು ಯುಗಾದಿಗೆ ನಮ್ಮ ಅಜ್ಜನ ಊರಿನ ಬಾಗಿಲಿಗೆ ಇಪ್ಪತ್ತೇ ಎಸೆತ ಎಂದು ಪಂಥ ಕಟ್ಟಿದರಂತೆ. ಇಪ್ಪತ್ತನೆಯ ಕಾಯಿ ಹಾರಿ ಬರುತ್ತಿದೆ, ಎಲ್ಲರೂ ಕತ್ತೆತ್ತಿ ನೋಡುತ್ತಿದ್ದಾರೆ, ಆಗ ಹದಿನೆಂಟು ವರ್ಷದ ನಮ್ಮತ್ತೆ ಎಲ್ಲಿಂದಲೋ ಓಡಿಬಂದು, ಎಗರಿ, ಅದನ್ನು ಗಾಳಿಯಲ್ಲೇ ಹಿಡಿದು ಮಡಿಲಿಗೆ ಹಾಕಿಕೊಂಡುಬಿಟ್ಟಳು! ಯಾಕೆ ಎಂದು ಕೇಳಿದರೆ, "ಕಣ್ಣೆದುರಿಗೇ ಹೋಗ್ತಿತ್ತು, ಹೆಂಗೆ ಸುಮ್ನಿರೋದು?" ಎಂದಳಂತೆ.

ಊರಿಗೆ ಊರೇ ತಬ್ಬಿಬ್ಬು. ಕಾಯಿ ಎಲ್ಲಿ ಬಿದ್ದ ಲೆಕ್ಕ? ಬಿಟ್ಟಿದ್ದರೆ ಬಾಗಿಲು ದಾಟುತ್ತಿತ್ತು ಎಂದು ಮಾವನ ಊರಿನವರು. ಬಿದ್ದೇ ಇಲ್ಲವಲ್ಲ, ಎಸೆತವೇ ಮುಗಿದಿಲ್ಲ ಎಂದು ನಮ್ಮ ಕಡೆಯವರು. ಹಿಡಿದುಕೊಂಡರೆ ಏನು ಎಂಬ ಕಾನೂನನ್ನು ಹಿಂದಿನವರು ಯಾರೂ ಮಾಡಿರಲಿಲ್ಲ, ಹಿಡಿಯುವವರು ಇರುತ್ತಾರೆಂದು ಅವರಿಗೇನು ಗೊತ್ತು? ಸಂಜೆತನಕ ಅರಳಿಕಟ್ಟೆಯ ಮೇಲೆ ಪಂಚಾಯ್ತಿ ನಡೆಯಿತು. ಕೊನೆಗೆ ಮಾವ ಎದ್ದು, ನಾನೇ ಸೋತೆ ಎಂದು ಹೇಳಿ ಹೋದರು. ಮುಂದಿನ ವಾರ ಅವರ ಮನೆಯವರು ಹೆಣ್ಣು ಕೇಳಿಕೊಂಡು ಬಂದರು.

ಮದುವೆಯಾಗಿ, ಭದ್ರಾವತಿಯ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿ, ಶಿಫ್ಟು ಮಾಡಿಕೊಂಡಿದ್ದರೂ ಮಾವ ಪ್ರತಿ ಯುಗಾದಿಗೆ ರಜೆ ಹಾಕಿ ಊರಿಗೆ ಹೋಗಿ ಕಾಯಿ ಎಸೆದೇ ಎಸೆಯುತ್ತಿದ್ದರು. ಅತ್ತೆ ಮುಂದೆ ಮುಂದೆ ಓಡಿ, ಬಿದ್ದ ಜಾಗ ಕಾಯುತ್ತಿದ್ದಳು. ಹಿಡಿಯಬಾರದೆಂದು ಅಷ್ಟು ಹೊತ್ತಿಗೆ ಕಾನೂನು ಮಾಡಿದ್ದರು!

ಇದಿಷ್ಟು ಹಿನ್ನೆಲೆ. ಈಗ ಎಂಬತ್ತಮೂರರ ವಿಷಯಕ್ಕೆ ಬರೋಣ.

ತೊಂಬತ್ತರ ದಶಕದ ನಡುಮಧ್ಯ. ನಾನು ನವುಲೆಯ ಕೃಷಿ ಕಾಲೇಜಿನಲ್ಲಿ ಓದುತ್ತಿದ್ದೆ, ಭಾನುವಾರಗಳಲ್ಲಿ ಅತ್ತೆಯ ಮನೆಗೆ ಹೋಗಿ ಉಂಡು ಮಲಗಿ ಸೋಮವಾರ ಬರುತ್ತಿದ್ದೆ. ಓಲ್ಡ್ ಟೌನಿಗೆ ಹೊಸದಾಗಿ ಕೇಬಲ್ ಬಂದಿತ್ತು. ಒಂದು ಸೋಮವಾರ ಬೆಳಿಗ್ಗೆ ಟೀವಿ ಹಾಕಿದರೆ ಯಾವುದೋ ಕ್ರೀಡಾ ಚಾನೆಲ್ಲಿನಲ್ಲಿ ಅಮೆರಿಕದವರ ಫುಟ್‌ಬಾಲು. ಹೆಸರಿಗೆ ಫುಟ್‌ಬಾಲು, ಕಾಲಿಗೆ ಅಲ್ಲಿ ಅಂಥ ಕೆಲಸವೇ ಇಲ್ಲ. ಅತ್ತೆ ಸ್ನಾನ ಮಾಡಿ, ವಿಭೂತಿ ಧರಿಸಿ, ತಾಮ್ರದ ತಂಬಿಗೆ ಹಿಡಿದು ನಡುಮನೆ ದಾಟುತ್ತಿದ್ದವಳು ಹಾಗೇ ನಿಂತಳು.

"ಇದ್ಯಾಕೋ ಇವರು ಒಂದು ಕಾಯಿಗೆ ಹಿಂಗೆ ಬಡಿದಾಡ್ತಿದಾರೆ?" ಎಂದಳು.

ತಪ್ಪೇನೂ ಇಲ್ಲ, ಆ ಚೆಂಡು ಸಿಪ್ಪೆ ತೆಗೆಯದ ಕಾಯಿಯ ಹಾಗೇ ಇತ್ತು. ನಾನು ಅರ್ಧ ಕಾಮೆಂಟರಿಯಿಂದ ಕಲಿತು, ಇನ್ನರ್ಧ ಸ್ವಂತ ಕಲ್ಪನೆಯಿಂದ ತುಂಬಿ ಆಟವನ್ನು ವಿವರಿಸಿದೆ. ಒಂದು ತಂಡಕ್ಕೆ ನಾಲ್ಕು ಅವಕಾಶ, ಅಷ್ಟರಲ್ಲಿ ಹತ್ತು ಗಜ ಮುಂದೆ ಹೋಗಬೇಕು, ಹೋದರೆ ಮತ್ತೆ ನಾಲ್ಕು. ಮೂಲೆಯ ಕುರ್ಚಿಯಿಂದ ಮಾವ ಪೇಪರ್ ಮಡಿಸದೆಯೇ, ಅಷ್ಟೇ ತಾನೇ, ಇಷ್ಟು ಎಸೆತಕ್ಕೆ ಇಷ್ಟು ದೂರ, ಎಂದರು. ನನಗೆ ಅರ್ಧ ಗಂಟೆ ಹಿಡಿದದ್ದು ಅವರಿಗೆ ಅರ್ಧ ನಿಮಿಷದಲ್ಲಿ ಅರ್ಥವಾಗಿತ್ತು.

ಅತ್ತೆ ನೋಡುತ್ತಿದ್ದದ್ದು ಬೇರೆಯನ್ನು. ಎಲ್ಲರೂ ನಡುವೆ ಗುಂಪು ಕಟ್ಟಿ ಗುದ್ದಾಡುತ್ತಿದ್ದರೆ ಒಬ್ಬ ತೆಳ್ಳಗಿನವನು ಮಾತ್ರ ಮೈದಾನದ ಅಂಚಿನಲ್ಲಿ ಒಂಟಿಯಾಗಿ ನಿಂತಿದ್ದ. ಅಂಗಿಯ ಮೇಲೆ ಎಂಬತ್ತಮೂರು. ಆಟ ಶುರುವಾಗುವ ಮುಂಚೆ ಬಲತೊಡೆಯನ್ನು ಎರಡು ಸಲ ತಟ್ಟಿಕೊಳ್ಳುತ್ತಿದ್ದ; ಆಮೇಲೆ ಉಸಿರು ಬಿಗಿಹಿಡಿದು ಓಟ, ಸರಕ್ಕನೆ ತಿರುಗುವುದು, ಕೈ ಎತ್ತುವುದು. ಅಷ್ಟರಲ್ಲಿ ಚೆಂಡು ಇನ್ಯಾರಿಗೋ ಹೋಗಿರುತ್ತಿತ್ತು. ಅವನು ನಡೆದು ವಾಪಸ್ ಬಂದು, ತೊಡೆ ತಟ್ಟಿಕೊಂಡು, ಮತ್ತೆ ಓಡುತ್ತಿದ್ದ. ಅವನಿಗೆ ವೈಡ್ ರಿಸೀವರ್ ಅನ್ನುತ್ತಾರೆ, ಓಡಿ ಚೆಂಡು ಹಿಡಿಯುವುದೇ ಅವನ ಉದ್ಯೋಗ ಎಂದೆ.

"ಹನ್ನೊಂದು ಸಲ ಓಡ್ದ. ಒಂದೇ ಸಲ ಕೊಟ್ರು. ಬರಲ್ಲ ಅಂತ ಗೊತ್ತಿದ್ರೆ ಯಾಕೆ ಓಡ್ಬೇಕು?"

"ಅವನು ಓಡಿದ್ರೆ ತಾನೇ ಅತ್ತೆ, ಎದುರಿನವರು ಅವನ ಹಿಂದೆ ಹೋಗೋದು. ಉಳಿದವರಿಗೆ ದಾರಿ ಸಿಗುತ್ತೆ."

ಅತ್ತೆ ತಂಬಿಗೆಯನ್ನು ಸೊಂಟಕ್ಕೆ ಒತ್ತಿಕೊಂಡಳು. "ಈ ಮನೇಲಿ ನಾನು ಮಾಡ್ತಿರೋದೂ ಅದೇ ಅಲ್ವೇನೋ," ಎಂದಳು. ಅವತ್ತಿನಿಂದ ಎಂಬತ್ತಮೂರು ನಮ್ಮ ಮನೆಯವನಾದ.

ಆ ಆಟ ನಮ್ಮ ಗೌರಿ ಹಬ್ಬದ ಹೊತ್ತಿಗೆ ಶುರುವಾಗಿ ಸಂಕ್ರಾಂತಿಯ ಆಚೀಚೆ ಮುಗಿಯುತ್ತದೆ. ಅಲ್ಲಿ ಭಾನುವಾರ ರಾತ್ರಿ ಆಡಿದ್ದು ನಮಗೆ ಸೋಮವಾರ ಬೆಳಿಗ್ಗೆ. ಸೋಮವಾರ ಶಿವನ ವಾರ, ಅತ್ತೆಗೆ ಒಪ್ಪೊತ್ತು. ಇದರಲ್ಲಿ ದೈವಸಂಕಲ್ಪ ಇಲ್ಲ ಎಂದು ಅವಳ ಮುಂದೆ ಹೇಳುವ ಧೈರ್ಯ ಯಾರಿಗಿದೆ? ಈಶ್ವರನ ಗುಡಿಗೆ ಹೋಗಿ ಅರ್ಚನೆಗೆ ನಿಂತಳು. ಅರ್ಚಕರು ಹೆಸರು ಕೇಳಿದರು. ಎಂಬತ್ತಮೂರು ಎಂದಳು. ವಯಸ್ಸಲ್ಲಮ್ಮ, ಹೆಸರು ಎಂದರು. ಹೆಸರೇ ಅದು ಎಂದಳು. ಅವನ ನಿಜವಾದ ಹೆಸರು ಟೀವಿಯಲ್ಲಿ ಹೇಳುತ್ತಿದ್ದರು, ಅತ್ತೆಯ ನಾಲಿಗೆಗೆ ಅದು ಒಗ್ಗಿರಲಿಲ್ಲ. ದೇವರ ಮುಂದೆ ತಪ್ಪು ಹೆಸರು ಹೇಳುವುದಕ್ಕಿಂತ ಸರಿಯಾದ ನಂಬರು ಹೇಳುವುದು ಮೇಲು ಎಂಬುದು ಅವಳ ವಾದ. ಅರ್ಚಕರು ನಿಟ್ಟುಸಿರಿಟ್ಟು ನಕ್ಷತ್ರ ಕೇಳಿದರು. "ಅವರ ಬಾವುಟದಲ್ಲೇ ಐವತ್ತು ಇದಾವೆ, ಯಾವ್ದಾದ್ರೂ ಒಂದು ಹಾಕ್ಕೊಳ್ಳಿ," ಎಂದಳು! ಹಿಂದೆ ಜನ ಸಾಲುಗಟ್ಟಿ ನಿಂತಿದ್ದರು. ಅರ್ಚನೆ ಆಯಿತು. ಎರಡು ವರ್ಷ ಹೋಗುವಷ್ಟರಲ್ಲಿ ಅರ್ಚಕರೇ ಮಂಗಳಾರತಿ ತಟ್ಟೆ ಚಾಚುತ್ತ, ಈ ವಾರ ಎಷ್ಟು ಹಿಡಿದ ಎಂದು ವಿಚಾರಿಸುತ್ತಿದ್ದರು.

ಎರಡನೆಯ ವರ್ಷ ಅವನನ್ನು ಆಟಕ್ಕೇ ಇಳಿಸಲಿಲ್ಲ. ಮೈದಾನದ ಆಚೆ ಟೋಪಿ ಹಾಕಿಕೊಂಡು ನಿಂತಿರುತ್ತಿದ್ದ. ಕ್ಯಾಮೆರಾ ಆ ಕಡೆ ತಿರುಗಿದಾಗ ಒಂದು ಕ್ಷಣ ಕಾಣುತ್ತಿದ್ದ. ಕಾರ್ಖಾನೆಯ ಊರಿನವಳಿಗೆ ಇದನ್ನು ವಿವರಿಸಬೇಕಾಗಿರಲಿಲ್ಲ. ಬದಲಿ ಕೆಲಸಗಾರ, ಯಾರಾದರೂ ರಜೆ ಹಾಕಿದರೆ ಮಾತ್ರ ಕೂಲಿ. ಅವಳಿಗೆ ಕೋಪ ನೆತ್ತಿಗೇರಿತು. ನನ್ನನ್ನು ಕರೆದು ಅವರ ಕೋಚಿಗೆ ಕಾಗದ ಬರೆ ಎಂದಳು. ಕಿವಿಗೆ ಅದೇನೋ ಕಟ್ಟಿಕೊಂಡು ಯಾವಾಗಲೂ ಬೈಯುತ್ತಿರುತ್ತಾನಲ್ಲ, ಅವನಿಗೇ.

ಪರದೇಶಕ್ಕೆ ಬರೆಯುವ ಏರೋಗ್ರಾಮ್ ತಂದು ಕೂತೆ. ಅತ್ತೆ ಹೇಳುವುದು, ನಾನು ಇಂಗ್ಲಿಷಿನಲ್ಲಿ ಬರೆಯುವುದು ಎಂದು ಒಪ್ಪಂದ. ಆದರೆ ಹೇಳುವವಳು ನಿಂತಲ್ಲಿ ನಿಲ್ಲಬೇಕಲ್ಲ? ವಾಕ್ಯ ನಡುಮನೆಯಲ್ಲಿ ಶುರುವಾಗಿ ಅಡುಗೆಮನೆಯಲ್ಲಿ ಬೆಳೆದು ಬಚ್ಚಲಿನಲ್ಲಿ ಮುಗಿಯುತ್ತಿತ್ತು. ನನಗೆ ಕೇಳಿಸಿದ ತುಂಡುಗಳನ್ನು ಜೋಡಿಸಿದೆ. "ಸ್ವಾಮಿ, ಹುಡುಗ ಶ್ರಮಜೀವಿ. ನೀವು ಕೊಡದಿದ್ದರೂ ಓಡುತ್ತಾನೆ. ಇಂಥವನನ್ನು ನಿಲ್ಲಿಸಿದರೆ ಮಂಡಿ ಹಿಡಿದುಕೊಳ್ಳುತ್ತದೆ." ಇಷ್ಟರ ನಡುವೆ ಹಾಲು ಉಕ್ಕಿದ್ದರಿಂದ ಒಂದು ವಾಕ್ಯ ಕಳೆದುಹೋಯಿತು. ವಿಳಾಸಕ್ಕೆ ತಂಡದ ಹೆಸರು, ಊರಿನ ಹೆಸರು, ಅಷ್ಟೇ.

ನೀವು ನಂಬಬೇಕು, ಮೂರು ತಿಂಗಳ ಮೇಲೆ ಉತ್ತರ ಬಂತು! ದಪ್ಪ ಲಕೋಟೆ, ಒಳಗೊಂದು ಬಣ್ಣದ ಫೋಟೋ, ಅದರ ಮೇಲೆ ಸಹಿ. ಆದರೆ ಫೋಟೋ ಎಂಬತ್ತಮೂರನದಲ್ಲ. ನಡುವೆ ನಿಂತು ಗುದ್ದಾಡುವವರಲ್ಲಿ ಒಬ್ಬ, ಕಬ್ಬಿಣದ ಬೀರುವಿನಂಥ ಆಳು. ನಾನು ಬಿಸಾಡೋಣ ಎಂದೆ. ಅವನೂ ಯಾರದೋ ಮನೆ ಮಗ ಮಾರಾಯ ಎಂದು ಅತ್ತೆ ಅದನ್ನು ಅಡುಗೆಮನೆಯ ಕಪಾಟಿನ ಬಾಗಿಲ ಒಳಗೆ ಅಂಟಿಸಿದಳು. ಸಕ್ಕರೆ ತೆಗೆಯಲು ಬಾಗಿಲು ತೆರೆದವರು ಬೆಚ್ಚಿಬೀಳುತ್ತಿದ್ದರು. ಮಾವನ ಕಾಫಿಗೆ ಸಕ್ಕರೆ ಕಡಿಮೆಯಾಗಿ, ಅವರ ಶುಗರ್ ಹತೋಟಿಗೆ ಬಂದದ್ದು ಆಮೇಲಿಂದಲೇ.

ಕೇಬಲ್‌ನವನ ಕಥೆ ಇನ್ನೊಂದು. ಯಾರೂ ನೋಡುವುದಿಲ್ಲ ಎಂದು ಅವನು ಆ ಚಾನೆಲ್ ತೆಗೆದು ಸಿನಿಮಾ ಹಾಡು ಹಾಕತೊಡಗಿದ. ಅತ್ತೆ ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡು, ಹಣೆಗೆ ಮೂರೆಳೆ ವಿಭೂತಿಯಲ್ಲಿ ಅವನ ಅಂಗಡಿಗೆ ಹೋಗಿ, ಸೋಮವಾರ ಬೆಳಿಗ್ಗೆಯ ಅದನ್ನು ನಿಲ್ಲಿಸಿದರೆ ನಿನಗೆ ಒಳ್ಳೆಯದಾಗುವುದಿಲ್ಲ, ನಾನು ಉಪವಾಸ ಇದ್ದು ನೋಡುವುದು ಎಂದಳು. ಅವನು ಏನೋ ಶಿವಪೂಜೆಯ ಕಾರ್ಯಕ್ರಮ ಎಂದು ತಿಳಿದು ಕೈಮುಗಿದು ವಾಪಸ್ ಹಾಕಿದ. ಮುಂದಿನ ಸೋಮವಾರ ಭಕ್ತಿಯಿಂದ ನೋಡಲು ಕೂತ ಅವನ ತಾಯಿ ಎಷ್ಟು ಗಾಬರಿಯಾದರು ಎಂಬುದನ್ನು ಓಲ್ಡ್ ಟೌನಿನಲ್ಲಿ ಬಹಳ ದಿನ ಹೇಳಿಕೊಂಡು ನಗುತ್ತಿದ್ದರು.

ನಾಲ್ಕನೆಯ ವರ್ಷ ಎಂಬತ್ತಮೂರು ಕಾಣೆಯಾದ. ಅಂಗಿ ಇತ್ತು, ಒಳಗೆ ಬೇರೆಯವನಿದ್ದ. ಅತ್ತೆಗೆ ಒಂದು ತಿಂಗಳು ನಿದ್ದೆಯಿಲ್ಲ. ಅಷ್ಟು ಹೊತ್ತಿಗೆ ಸವಳಂಗ ರಸ್ತೆಯಲ್ಲಿ ಸೈಬರ್ ಕೆಫೆ ಬಂದಿತ್ತು. ನಾನು ಹೋಗಿ ಹುಡುಕಿ, ಅವನು ಬೇರೆ ತಂಡಕ್ಕೆ ಹೋಗಿದ್ದಾನೆ, ಈಗ ಅವನ ನಂಬರು ಹದಿನೇಳು ಎಂದು ಪತ್ತೆಹಚ್ಚಿ, ವಿಜಯೋತ್ಸಾಹದಿಂದ ಭದ್ರಾವತಿಗೆ ಹೋದೆ. ಅತ್ತೆ ನನ್ನ ಮುಖ ನೋಡಿ ನಕ್ಕಳು. ಅವಳಿಗೆ ಆಗಲೇ ಗೊತ್ತಾಗಿತ್ತು. ಯಾವುದೋ ಆಟ ನೋಡುತ್ತಿದ್ದಾಗ ಅಂಚಿನಲ್ಲಿ ನಿಂತವನೊಬ್ಬ ಬಲತೊಡೆ ಎರಡು ಸಲ ತಟ್ಟಿಕೊಂಡನಂತೆ. "ಟ್ರಾನ್ಸ್‌ಫರ್ ಮಾಡಿದಾರೆ ಕಣೋ. ಅಷ್ಟಕ್ಕೆ ನಾವು ಹೆಸರು ಬದಲಾಯಿಸಕ್ಕಾಗುತ್ತಾ?" ಎಂದಳು. ಅರ್ಚನೆ ಎಂಬತ್ತಮೂರರ ಹೆಸರಲ್ಲೇ ಮುಂದುವರಿಯಿತು.

ಆಮೇಲೆ ಮಾವನ ಸರದಿ ಬಂತು.

ಕಾರ್ಖಾನೆಯಲ್ಲಿ ಜನ ಕಡಿಮೆ ಮಾಡುತ್ತಿದ್ದರು. ಸ್ವಯಂನಿವೃತ್ತಿಯ ಫಾರಂಗಳು ಬಂದವು. ಸಹಿ ಹಾಕಿದವರ ಜೊತೆ ಮಾವನೂ ಹಾಕಿದರು. ದೀಪಾವಳಿಯ ಆಸುಪಾಸು ಒಂದು ಮಧ್ಯಾಹ್ನ ಕೊರಳಲ್ಲಿ ಹಾರ, ಕಂಕುಳಲ್ಲಿ ಗೋಡೆ ಗಡಿಯಾರ ಹಿಡಿದು ಮನೆಗೆ ಬಂದು, ಹಾರ ತೆಗೆದು ಮೊಳೆಗೆ ಹಾಕಿ, ಜಗಲಿಯ ಪ್ಲಾಸ್ಟಿಕ್ ಹೆಣೆಗೆಯ ಕುರ್ಚಿಯಲ್ಲಿ ಕೂತರು. ಕೂತವರು ಏಳಲಿಲ್ಲ. ಊಟಕ್ಕೆ, ಸ್ನಾನಕ್ಕೆ, ಮಲಗಲು ಏಳುತ್ತಿದ್ದರು, ಅದನ್ನು ಎದ್ದದ್ದು ಅನ್ನಲಾಗುತ್ತದೆಯೇ? ಮೊದಲೇ ಬಡತನವಿದ್ದ ಮಾತು ಪೂರ್ತಿ ನಿಂತಿತು. ಮೊದಲ ಪಾಳಿಯ ಸೈರನ್ ಕೂಗಿದಾಗ ಕಾಲು ನೆಲಕ್ಕೆ ಒತ್ತುತ್ತಿದ್ದರು, ಆಮೇಲೆ ಸಡಿಲ ಬಿಡುತ್ತಿದ್ದರು.

ಮುಂದಿನ ಯುಗಾದಿಗೆ ಊರಿನಿಂದ ಜನ ಕರೆಯಲು ಬಂದರು. ಮಾವ ಭುಜ ಮುಟ್ಟಿ ತೋರಿಸಿ, ನೋವು ಎಂದರು. ಅತ್ತೆ ಆ ಭುಜಕ್ಕೆ ತಿಂಗಳುಗಟ್ಟಲೆ ಎಣ್ಣೆ ತಿಕ್ಕಿದಳು. ಡಾಕ್ಟರು ನೋಡಿ, ಇವರಿಗೆ ಭುಜದಲ್ಲಿ ಏನೂ ಇಲ್ಲವಲ್ಲ ಎಂದರು. ಏನೂ ಇಲ್ಲ ಎನ್ನುವುದೇ ಅತ್ತೆಗೆ ಭಯವಾಗಿದ್ದು. ಅವಳು ಯಾವತ್ತೂ ಏನಕ್ಕೂ ಹೆದರಿದ್ದನ್ನು ನಾನು ಕಂಡಿರಲಿಲ್ಲ. "ಈ ಮನುಷ್ಯ ಕಾಯಿ ಕೈಗೆತ್ಕೊಳ್ಳೋ ತನಕ ನಂಗೆ ನೆಮ್ಮದಿ ಇಲ್ಲ ಕಣೋ," ಎಂದು ಬಸ್‌ಸ್ಟ್ಯಾಂಡಿನಲ್ಲಿ ನನ್ನ ಕೈ ಹಿಡಿದು ಹೇಳಿದಳು.

ಮೊದಲಿಗಿಂತ ಎರಡರಷ್ಟು ಓಡತೊಡಗಿದಳು. ಶಿವಮೊಗ್ಗಕ್ಕೆ ದಿನಾ ಬರುವುದು, ಬಂದ ಕಾಲಲ್ಲೇ ಹೊರಡುವುದು. ಮಾವನ ಎದುರಿಗೆ ಬೇಕೆಂದೇ ಅಟ್ಟದ ಮೇಲಿನ ಡಬ್ಬಿಗಳನ್ನು ಇಳಿಸುವುದು, ಮತ್ತೆ ಏರಿಸುವುದು. ಕುರ್ಚಿಯನ್ನು ಹೊಸ ಹೆಣೆಗೆಗೆ ಎಂದು ಕೊಟ್ಟುಬಂದಳು. ಮಾವ ಮೆಟ್ಟಿಲ ಮೇಲೆ ಕೂತರು, ಕುರ್ಚಿ ವಾಪಸ್ ಬಂದ ದಿನ ಮತ್ತೆ ಅದರಲ್ಲೇ. ನನಗಂತೂ ಆ ಕುರ್ಚಿಯನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು, ಮಾವನನ್ನು ಕಂಡರೆ ಅಳು ಬರುತ್ತಿತ್ತು.

ಸೋಮವಾರದ ಟೀವಿಯೊಂದು ಉಳಿದಿತ್ತು. ಎಂಬತ್ತಮೂರನಿಗೂ ವಯಸ್ಸಾಗಿತ್ತು. ಮಂಡಿಗೆ ಪಟ್ಟಿ ಬಂದಿತ್ತು, ಮೂರನೆಯ ತಂಡಕ್ಕೆ ಬಂದಿದ್ದ. ಓಟ ಮಾತ್ರ ಬಿಟ್ಟಿರಲಿಲ್ಲ. ಮಾವ ಕೂತು ವರ್ಷ ದಾಟಿದ ಮೇಲಿನ ಸಂಕ್ರಾಂತಿಯ ಹೊತ್ತು, ಗೆದ್ದವರು ಮುಂದೆ, ಸೋತವರು ಮನೆಗೆ ಎನ್ನುವಂಥ ಆಟ. ಕೊನೆಯ ಗಳಿಗೆ. ತೊಡೆ ತಟ್ಟಿಕೊಂಡ, ಓಡಿದ, ಅವನ ಹತ್ತಿರ ಯಾರೂ ಇಲ್ಲ, ಅತ್ತೆ ಅಡುಗೆಮನೆಯ ಹೊಸ್ತಿಲಲ್ಲಿ ಸೌಟು ಹಿಡಿದು ನಿಂತಿದ್ದಾಳೆ, ನಾನು ಮಂಚದ ಮೇಲೆ ಎದ್ದು ನಿಂತಿದ್ದೇನೆ. ಈ ಸಲ ಚೆಂಡು ಅವನಿಗೇ ಬಂತು! ಬಂತು, ಬೆರಳಿಗೆ ತಾಗಿತು, ಜಾರಿ ನೆಲಕ್ಕೆ ಬಿತ್ತು.

ಸಾವಿರಾರು ಜನ ಬೈಯುವ ಸದ್ದು. ಅವನು ನೆಲದ ಮೇಲೆ ಮಂಡಿಯೂರಿ ಕೈಗಳನ್ನು ನೋಡಿಕೊಳ್ಳುತ್ತಿದ್ದ. ಅತ್ತೆಯ ಕಣ್ಣಲ್ಲಿ ನೀರು. ಆಗ ಜಗಲಿಯ ಬಾಗಿಲಿನಿಂದ ಮಾತು ಬಂತು. ಕುರ್ಚಿಯನ್ನು ಯಾವಾಗ ಬಾಗಿಲಿಗೆ ಎಳೆದುಕೊಂಡಿದ್ದರೋ!

"ಹಿಡಿಯೋನ ತಪ್ಪಲ್ಲ ಅದು. ಎಸೆದೋನ ತಪ್ಪು. ಓಡೋರಿಗೆ ಅವರು ಇರೋ ಜಾಗಕ್ಕೆ ಎಸೀಬಾರ್ದು. ಹೋಗೋ ಜಾಗಕ್ಕೆ ಎಸೀಬೇಕು."

ಒಂದು ವರ್ಷದಲ್ಲಿ ಮಾವ ಆಡಿದ ಅತಿ ಉದ್ದದ ಮಾತು. ನಾನಾಗಿದ್ದರೆ ಖುಷಿಯಿಂದ ಸುಮ್ಮನಿರುತ್ತಿದ್ದೆ. ಅತ್ತೆ ಸುಮ್ಮನಿರುವವಳೇ? ಸೌಟನ್ನು ಅವರ ಕಡೆ ತೋರಿಸಿ, "ಕೂತು ಹೇಳೋದು ಸುಲಭ. ಎಸೆದು ತೋರ್ಸಿ," ಎಂದಳು. ಮಾವ ಕುರ್ಚಿಯನ್ನು ವಾಪಸ್ ಜಗಲಿಗೆ ಎಳೆದುಕೊಂಡು ಹೋದರು. ಅವತ್ತಿನಿಂದ ದಿನಾ ಬೆಳಿಗ್ಗೆ ಕಾಫಿ ಲೋಟದ ಜೊತೆ ಅತ್ತೆ ಅದೊಂದು ಮಾತನ್ನೂ ಕೊಡುತ್ತಿದ್ದಳು. ಮಾವ ಕಾಫಿ ಮಾತ್ರ ತೆಗೆದುಕೊಳ್ಳುತ್ತಿದ್ದರು.

ಯುಗಾದಿಗೆ ಹದಿನೈದು ದಿನ ಇರುವಾಗ ನಾನು ಸೈಬರ್ ಕೆಫೆಯಲ್ಲಿ ಆ ಸುದ್ದಿ ನೋಡಿದೆ. ತಂಡ ಅವನನ್ನು ಬಿಟ್ಟುಬಿಟ್ಟಿತ್ತು. ಎರಡೇ ಸಾಲು. ಎಂಟು ವರ್ಷ, ಮೂರು ತಂಡ, ಇನ್ನು ಬೇಡ. ಫೋನಿನಲ್ಲಿ ಹೇಳಲು ಮನಸ್ಸಾಗಲಿಲ್ಲ, ಬಸ್ಸು ಹತ್ತಿದೆ. ಸೀಟು ಖಾಲಿಯಿತ್ತು. ಭದ್ರಾವತಿ ಬರುವವರೆಗೆ ನಾನೂ ಬಾಗಿಲ ಹತ್ತಿರದ ಕಂಬಿ ಹಿಡಿದು ನಿಂತೇ ಇದ್ದೆ.

ಅತ್ತೆ ಜಗಲಿಯಲ್ಲಿ ಮಾವನ ಸುತ್ತ ಕಸ ಗುಡಿಸುತ್ತಿದ್ದಳು. ಹೇಳಿದೆ. ಪೊರಕೆ ನಿಂತಿತು. ಅವಳು ಗಂಡನ ಕಡೆ ತಿರುಗಿ, "ಅವನ್ನ ಮನೆಗೆ ಕಳಿಸಿದ್ರಂತೆ ರೀ," ಎಂದಳು.

ಮಾವ ಬೀದಿ ನೋಡುತ್ತಲೇ ಇದ್ದರು. ಹಾಗೇ, ಅವನ ವಯಸ್ಸೆಷ್ಟು ಎಂದು ಕೇಳಿದರು. ನಾನು ಮೂವತ್ತೊಂದು ಎಂದೆ.

"ಮೂವತ್ತೊಂದಕ್ಕೆ ಮನುಷ್ಯ ಕೂತ್ಕೋಬಾರ್ದು," ಎಂದರು.

"ಐವತ್ತಾರಕ್ಕೆ ಕೂತ್ಕೋಬಹುದಾ?" ಎಂದಳು ಅತ್ತೆ.

ಗದರಿ ಕೇಳಲಿಲ್ಲ. ನಿಜವಾಗಿಯೂ ಗೊತ್ತಿಲ್ಲದವಳ ಹಾಗೆ ಕೇಳಿದಳು. ಅವಳ ಬಾಯಲ್ಲಿ ಅಷ್ಟು ಮೆತ್ತಗಿನ ಮಾತನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ಮಾವ ಕುರ್ಚಿಯ ಕೈ ಹಿಡಿದು, ಎದ್ದು, ಒಳಗೆ ಹೋದರು. ಅಟ್ಟದ ಏಣಿಯ ಕೆಳಗೆ ಕಾಯಿ ಹೊರಳಾಡುವ ಸದ್ದಾಯಿತು. ಒಂದನ್ನು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ, ಬೇಡವೆಂದು ಬಿಟ್ಟು, ಇನ್ನೊಂದನ್ನು ಎತ್ತಿ ಅಂಗೈಯಲ್ಲಿ ತೂಗಿ ನೋಡುತ್ತ ಹೊರಗೆ ಬಂದರು. ಚಪ್ಪಲಿ ಹಾಕಿಕೊಳ್ಳಲಿಲ್ಲ. ಕಾಯಿ ಎಸೆಯಲು ಹೋಗುವವರು ಬರಿಗಾಲಲ್ಲೇ ಹೋಗುವುದು.

ಹೊಳೆಯ ಕಡೆಗಿನ ಬಯಲಿಗೆ ಹೋದೆವು. ಬಿಸಿಲು ಇಳಿಯುತ್ತಿತ್ತು. ಮಾವ ಹಿಮ್ಮಡಿಯಲ್ಲಿ ಗೆರೆ ಎಳೆದರು, ಕೈ ಬೀಸಿದರು. ಕಾಯಿ ಹತ್ತು ಮಾರು ದೂರದಲ್ಲಿ ದೊಪ್ಪನೆ ಬಿತ್ತು. ಆ ತೋಳಿಗೆ ಅದು ಎಂಥ ಅವಮಾನ ಎಂದು ನನಗೆ ಗೊತ್ತಿತ್ತು. ನಾನು ಬೇರೆ ಕಡೆ ನೋಡಿದೆ. ಅತ್ತೆ ಓಡಿಹೋಗಿ ಎತ್ತಿ ತಂದು ಅವರ ಕೈಗೆ ಕೊಟ್ಟಳು. ಎರಡನೆಯದು ದೂರ ಹೋಯಿತು, ಸೊಟ್ಟ ಹೋಯಿತು. ಯಾರೋ ಹಾಸಿದ್ದ ಒಗೆದ ಬಟ್ಟೆಗಳ ಮೇಲೆ ಬಿದ್ದು ನನ್ನನ್ನು ಬೈಸಿತು. ಅತ್ತೆ ಮತ್ತೆ ತಂದು ಕೊಟ್ಟಳು. ಮಾವನ ಹಣೆಯಲ್ಲಿ ಬೆವರು. ಕಾಯಿಯನ್ನು ತಿರುಗಿಸಿ ತಿರುಗಿಸಿ ಹಿಡಿತ ನೋಡಿಕೊಂಡು, ಮೊದಲ ಬಾರಿಗೆ ಹೆಂಡತಿಯ ಮುಖ ನೋಡಿದರು.

"ಮುಂದೆ ಹೋಗು," ಎಂದರು.

ಅತ್ತೆ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು. ನಾನು ಬೇಡ ಎನ್ನಬೇಕೆಂದಿದ್ದೆ, ಐವತ್ತು ದಾಟಿದ ಹೆಂಗಸು, ಒಣಕಾಯಿ, ತಲೆಗೆ ಬಿದ್ದರೆ ಏನು ಗತಿ? ಅಷ್ಟರಲ್ಲಿ ಅವಳು ಬಲತೊಡೆಯನ್ನು ಎರಡು ಸಲ ತಟ್ಟಿಕೊಂಡಳು. ತಟ್ಟಿಕೊಂಡು ಓಡಿದಳು. ಹಿಂದೆ ತಿರುಗಿ ನೋಡದೆ, ಬಂದೇ ಬರುತ್ತದೆ ಎನ್ನುವ ಹಾಗೆ ಹೊಳೆಯ ಕಡೆಗೆ ನೇರ ಓಡಿದಳು.

ಮಾವ ಅವಳು ಇದ್ದ ಜಾಗಕ್ಕೆ ಎಸೆಯಲಿಲ್ಲ. ಅವಳಿಗಿಂತ ಎಷ್ಟೋ ಮುಂದಕ್ಕೆ, ಯಾರೂ ಇಲ್ಲದ ಕಡೆಗೆ ಎಸೆದರು. ಕಾಯಿ ಏರಿತು, ಬಿಸಿಲಲ್ಲಿ ಒಮ್ಮೆ ಹೊಳೆಯಿತು, ಇಳಿಯತೊಡಗಿತು. ಅತ್ತೆ ತಿರುಗಿ, ಎರಡು ಕೈಯಲ್ಲಿ ಸೆರಗೊಡ್ಡಿದಳು. ಮಡಿಲಿಗೆ ಬಿತ್ತು.

ಬಿದ್ದ ರ‍ಭಸಕ್ಕೆ ಎರಡು ಹೆಜ್ಜೆ ಹಿಂದೆ ಹೋಗಿ, ಅವಳು ಅಲ್ಲೇ ಹುಲ್ಲಿನ ಮೇಲೆ ಕೂತುಬಿಟ್ಟಳು. ಓಡಿದೆ. ಎಲ್ಲಿ ಪೆಟ್ಟಾಯಿತು ಎಂದು ಕೇಳಿದೆ. ಎಲ್ಲೂ ಆಗಿರಲಿಲ್ಲ. ಕಾಯಿಯನ್ನು ಮಡಿಲಲ್ಲಿ ಅಪ್ಪಿಕೊಂಡು, ಕಾಲು ಚಾಚಿಕೊಂಡು, ದೂರದ ಗೆರೆಯ ಹತ್ತಿರ ಕೈ ಎತ್ತಿ ನಿಂತಿದ್ದ ಗಂಡನನ್ನು ನೋಡುತ್ತಿದ್ದಳು. ಕೆನ್ನೆಯೆಲ್ಲ ಒದ್ದೆಯಾಗಿತ್ತು. ಏಳು ಅತ್ತೆ, ಹೋಗೋಣ ಎಂದು ಕೈ ನೀಡಿದೆ. ಅವಳು ಆ ಕೈಯನ್ನು ಮೆಲ್ಲಗೆ ಸರಿಸಿದಳು.

"ನೀನು ಹೋಗಿರೋ. ನಾನು ಸ್ವಲ್ಪ ಹೊತ್ತು ಕೂತ್ಕೋತೀನಿ."